ಪಾತ್ರೆಯ ಮೇಲೊಂದು ಸೂರು

ಪ್ಯಾರಿಸ್‌ನ ಮೊಂಮಾರ್ತ್ ಗುಡ್ಡದ ಮೇಲೆ ಒಂದು ಚೌಕವಿದೆ. ಚಿತ್ರ ಬಿಡಿಸುವವರು ಪ್ರವಾಸಿಗರ ಮುಖ ಹುಡುಕುತ್ತಾ ಕೂತಿರುತ್ತಾರೆ. ಅಲ್ಲೇ ಲಾ ಮೆರ್ ಕಾತ್ರೀನ್ ಅಂತ ಒಂದು ಹಳೇ ಹೋಟೆಲು. ಅದರ ಗೋಡೆಗೆ ಒಂದು ಫಲಕ ಹೊಡೆದಿದ್ದಾರೆ. 1814ರ ಮಾರ್ಚ್ 30ರಂದು ರಷ್ಯಾದ ಕೊಸಾಕ್ ಸೈನಿಕರು ಮೊತ್ತಮೊದಲು ಇಲ್ಲಿ 'ಬಿಸ್ತ್ರೋ' ಎಂದು ಕೂಗಿದರಂತೆ. ಪ್ಯಾರಿಸ್‌ನ ಬಿಸ್ತ್ರೋಗಳ, ಅಂದರೆ ಅಲ್ಲಿನ ಸಣ್ಣ ಊಟದ ಹೋಟೆಲುಗಳ, ಪೂರ್ವಜ ಹುಟ್ಟಿದ್ದು ಹಾಗಂತೆ. ರಷ್ಯನ್ನರ ಮಾತಿನಲ್ಲಿ ಆ ಪದಕ್ಕೆ 'ಬೇಗ' ಅಂತ ಅರ್ಥ. ಕುಡಿಯೋಕೆ ಬೇಗ ತಾರಯ್ಯ ಅಂದರು, ಹೋಟೆಲಿಗೆ ಹೆಸರು ಬಂತು.

ಕಥೆ ಚೆನ್ನಾಗಿದೆ. ತೊಡಕು ಎರಡೇ. ಆ ದಿನ ಆ ಗುಡ್ಡದ ಮೇಲೇ ಯುದ್ಧ ನಡೆಯುತ್ತಿತ್ತು. ರಷ್ಯನ್ನರು ಗುಂಡು ಹಾರಿಸುತ್ತಾ ಹತ್ತುತ್ತಿದ್ದರು, ಆರ್ಡರ್ ಕೊಡಲು ಅವರಿಗೆ ಬಿಡುವು ಎಲ್ಲಿತ್ತೋ ಗೊತ್ತಿಲ್ಲ. ಇನ್ನೊಂದು, ಫ್ರೆಂಚ್ ಬರಹದಲ್ಲಿ ಈ ಪದ ಮೊದಲು ಕಾಣಿಸುವುದು 1880ರ ದಶಕದಲ್ಲಿ. ಅಂದರೆ 'ಬೇಗ' ಎಂದು ಹೇಳಿ 70 ವರ್ಷ ಆದಮೇಲೆ ಅದು ಟೇಬಲ್ಲಿಗೆ ಬಂತು. ಭಾಷಾಪಂಡಿತರು ಇದೇ ಕಾರಣಕ್ಕೆ ಕಥೆಯನ್ನು ನಂಬುವುದಿಲ್ಲ. ನಾನು ಇದೇ ಕಾರಣಕ್ಕೆ ನಂಬುತ್ತೇನೆ. ಯಾಕೆಂದರೆ ನಾನು ಆ ಊರಲ್ಲಿ ಊಟಕ್ಕೆ ಕೂತಿದ್ದೇನೆ.

ನನ್ನ ಅಕ್ಕನ ಮಗ ಪ್ಯಾರಿಸ್‌ನಲ್ಲೇ ಕೆಲಸದಲ್ಲಿದ್ದಾನೆ. "ಮಾವ, ಪ್ರವಾಸಿಗಳ ಜಾಗ ಬೇಡ, ನಿಮಗೆ ಪಕ್ಕಾ ಸಾಂಪ್ರದಾಯಿಕ ಬಿಸ್ತ್ರೋ ತೋರಿಸ್ತೀನಿ" ಅಂತ ಕರೆದುಕೊಂಡು ಹೋದ. ಹೆಸರು ಬೇಡ. ಸಂಪ್ರದಾಯಕ್ಕೆ ಬೇಕಾದ ಸಾಮಾನೆಲ್ಲ ಇತ್ತು. ಕೆಂಪು ಬಿಳಿ ಚೌಕಳಿ ಬಟ್ಟೆ, ಹಿತ್ತಾಳೆ ಕಂಬಿ, ಕರಿ ಏಪ್ರನ್ ಕಟ್ಟಿದ ಮಾಣಿ, ಪಕ್ಕದವರ ಮೊಣಕೈ ನಮ್ಮ ತಟ್ಟೆಗೆ ಬರುವಷ್ಟು ಒತ್ತೊತ್ತಾದ ಟೇಬಲ್ಲುಗಳು. ಗೋಡೆಗೆ ಒಂದು ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದ ಕೈಬರಹದಲ್ಲಿ ಇವತ್ತಿನ ವಿಶೇಷ.

ನಾನು ಮೇಷ್ಟ್ರ ಮಗ. ಕರಿಹಲಗೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಬೆರಳಲ್ಲಿ ಒರೆಸಿ ನೋಡಿದೆ. ಸುಣ್ಣ ಬರಲಿಲ್ಲ. ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಸೀಮೆಸುಣ್ಣ ಅದು. ಅಕ್ಷರದ ಅಂಚಿನಲ್ಲಿ ಸ್ವಲ್ಪ ಉದುರಿದ ಹಾಗೆ ಪುಡಿ ಕೂಡ ಮುದ್ರಿಸಿದ್ದರು. 'ಇವತ್ತಿನ' ವಿಶೇಷ ಎಂದರೆ ಯಾವ ಇವತ್ತು ಅಂತ ಕೇಳಬೇಕೆನಿಸಿತು. ಆದರೆ ಮಾಣಿ ಬಂದಾಗ ನಾನು 'ಬೋಂಜೂರ್' ಅಂತ ನಮಸ್ಕಾರ ಹೇಳದೆ ನೇರ ಊಟದ ವಿಷಯಕ್ಕೆ ಹೋಗಿಬಿಟ್ಟಿದ್ದೆ. ಪ್ಯಾರಿಸ್‌ನಲ್ಲಿ ಅದು ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಹೋದಂತೆ. ಆಮೇಲೆ ಅವನು 20 ನಿಮಿಷ ನಮ್ಮ ಕಡೆ ನೋಡಲಿಲ್ಲ.

ಆ 20 ನಿಮಿಷದಲ್ಲಿ ನಾನು ಮೆನು ಕಾರ್ಡನ್ನು ಅಭ್ಯಾಸ ಮಾಡಿದೆ. ಒಂದೆರಡು ತಿನಿಸಿನ ಮುಂದೆ ಪುಟ್ಟ ಗುರುತು. ಹಿಡಿಕೆ ಇರುವ ಒಂದು ಪಾತ್ರೆ, ಅದಕ್ಕೆ ಮುಚ್ಚಳದ ಬದಲು ಮನೆಯ ಸೂರು.

"ಇದೇನೋ, ಈ ಪಾತ್ರೆ ಯಾಕೆ ಟೋಪಿ ಹಾಕಿಕೊಂಡಿದೆ?"

"ಟೋಪಿ ಅಲ್ಲ ಮಾವ, ಮನೆ. ಅದು 'ಫೇ ಮೇಝೋಂ' ಗುರುತು. ಅಂದ್ರೆ ಇಲ್ಲೇ ಮಾಡಿದ್ದು ಅಂತ. 2014ರಲ್ಲಿ ಸರ್ಕಾರ ತಂದಿದ್ದು."

ಮೊದಲು ನನಗೆ ಅರ್ಥವೇ ಆಗಲಿಲ್ಲ. ಹೋಟೆಲಿನಲ್ಲಿ ಅಡುಗೆ ಹೋಟೆಲಿನಲ್ಲೇ ಮಾಡಿದ್ದು ಎನ್ನಲು ಗುರುತು ಯಾಕೆ ಬೇಕು? ಅಗಸ ಅಂಗಡಿಯಲ್ಲಿ 'ಇಲ್ಲಿ ಒಗೆದದ್ದು' ಅಂತ ಬರೆಯುತ್ತಾನೆಯೇ? ಕ್ಷೌರಿಕ ಬರೆಯುತ್ತಾನೆಯೇ? ನಮ್ಮಲ್ಲೂ 'ಮನೆ ಊಟ' ಅಂತ ಬೋರ್ಡು ಹಾಕುತ್ತಾರೆ, ನಿಜ. ಅದು ಯಾರ ಮನೆ ಅಂತ ಯಾರೂ ಕೇಳುವುದಿಲ್ಲ. ಆದರೆ ಅದಕ್ಕೆ ಗೆಜೆಟ್ಟಿನಲ್ಲಿ ಆದೇಶ ಹೊರಡಿಸಿಲ್ಲ. ಜಗತ್ತಿಗೇ ಅಡುಗೆ ಕಲಿಸಿದೆವು ಎನ್ನುವ ದೇಶ, ಅಡುಗೆಯವನು ಅಡುಗೆ ಮಾಡಿದರೆ ಅದನ್ನು ಚಿಹ್ನೆ ಹಾಕಿ ಎತ್ತಿ ತೋರಿಸುವ ಸ್ಥಿತಿಗೆ ಬಂದಿದೆ.

ಅಸಲಿ ರುಚಿ ಇರುವುದು 2014ರ ಆ ಮೊದಲ ಆದೇಶದೊಳಗೆ. ಹುಡುಗ ಮೊಬೈಲಿನಲ್ಲಿ ತೆಗೆದು ಓದಿ ಹೇಳುತ್ತಾ ಹೋದ. 'ಫೇ ಮೇಝೋಂ' ಆಗಬೇಕಾದರೆ ಹಸಿ ಸಾಮಾನಿನಿಂದ ಅಲ್ಲೇ ಬೇಯಿಸಿರಬೇಕು. ಸರಿ. ಹಸಿ ಎಂದರೆ? ಸಿಪ್ಪೆ ತೆಗೆದು ಬಂದರೂ ಹಸಿಯೇ. ಹೆಚ್ಚಿ ಬಂದರೂ ಹಸಿಯೇ. ಕೊಚ್ಚಿದ್ದು, ಮೂಳೆ ತೆಗೆದದ್ದು, ಪುಡಿ ಮಾಡಿದ್ದು, ಹೊಗೆ ಕೊಟ್ಟದ್ದು, ಉಪ್ಪಿಗೆ ಹಾಕಿದ್ದು, ಎಲ್ಲ ಹಸಿಯೇ. ಗಾಳಿ ತೆಗೆದ ಚೀಲದಲ್ಲಿ ಬಂದರೂ ಪರವಾಗಿಲ್ಲ. ಕಲ್ಲಿನ ಹಾಗೆ ಮಂಜುಗಟ್ಟಿ ಬಂದರೂ ಪರವಾಗಿಲ್ಲ. ಪದರ ಪದರದ ಪಫ್ ಹಿಟ್ಟು, ಅದನ್ನು ಮಾಡುವುದೇ ಫ್ರೆಂಚ್ ಅಡುಗೆಯ ಪರೀಕ್ಷೆ ಅಂತ ನಾನು ಕೇಳಿದ್ದೆ, ಅದೂ ಫ್ಯಾಕ್ಟರಿಯಿಂದ ಬರಬಹುದು. ಬೇಯಿಸದೆ ಬರಬೇಕು ಅಷ್ಟೇ. ಮೂಳೆ ಬೇಯಿಸಿ ಗಂಟೆಗಟ್ಟಲೆ ಕುದಿಸುವ ಸಾರಿನ ಬುಡ, ಅದೂ ಹೊರಗಿಂದ ಬರಬಹುದು. ಗಿರಾಕಿಗೆ ಬರೆದು ತಿಳಿಸಿದರೆ ಆಯಿತು.

"ಮತ್ತೆ ಏನು ಉಳೀತೋ?"

"ಆಲೂಗಡ್ಡೆ, ಮಾವ. ಆಲೂಗಡ್ಡೆ ಮಾತ್ರ ಸಿಪ್ಪೆ ಸುಲಿದು ಬರೋ ಹಾಗಿಲ್ಲ."

ಇದು ಕುಚೋದ್ಯವಲ್ಲ, ಆ ಆದೇಶದಲ್ಲಿ ಹಾಗೇ ಇತ್ತು. 'ಸಿಪ್ಪೆ ಸುಲಿದದ್ದು, ಆಲೂಗಡ್ಡೆ ಹೊರತಾಗಿ.' ನಾನು ಆ ಸಭೆಯನ್ನು ಊಹಿಸಿಕೊಂಡೆ. ಉದ್ದ ಮೇಜು, ಸುತ್ತ ಅಧಿಕಾರಿಗಳು, ಹೋಟೆಲು ಸಂಘದವರು, ಶೀತಲ ಆಹಾರದ ಕಂಪನಿಯವರು. ಕ್ಯಾರೆಟ್ ಬಿಟ್ಟರು, ಈರುಳ್ಳಿ ಬಿಟ್ಟರು, ಮೀನು ಬಿಟ್ಟರು, ಹಿಟ್ಟು ಬಿಟ್ಟರು. ಕೊನೆಗೆ ಮೂಲೆಯಲ್ಲಿ ಕೂತಿದ್ದ ಒಬ್ಬ ಪುಣ್ಯಾತ್ಮ ಎದ್ದು ನಿಂತು, "ಆಲೂಗಡ್ಡೆ ನನ್ನ ಹೆಣದ ಮೇಲೆ" ಅಂದಿರಬೇಕು. ಇಡೀ ಫ್ರೆಂಚ್ ಪಾಕಶಾಸ್ತ್ರ ಆವತ್ತು ಒಂದು ಸಿಪ್ಪೆಯ ಮೇಲೆ ನಿಂತಿತು. ಈ ಕಾನೂನು ಬಂದಾಗ ಫ್ರಾನ್ಸಿನವರೇ ನಕ್ಕರು. ನಗು ಜಾಸ್ತಿಯಾಗಿ, ಮುಂದಿನ ವರ್ಷವೇ ತಿದ್ದುಪಡಿ ತಂದರು.

ಅಷ್ಟರಲ್ಲಿ ಮಾಣಿ ಕ್ಷಮಿಸಿದ. ನಾನು ಮಂಡ್ಯದ ಕಡೆಯವನು, ಕುರಿ ಕೋಳಿ ತಿನ್ನುವವನೇ. ಆದ್ದರಿಂದ 'ಅಯ್ಯೋ ಸೊಪ್ಪು ಬಿಟ್ಟರೆ ಏನೂ ಸಿಗಲಿಲ್ಲ' ಎಂಬ ವಿದೇಶ ಪ್ರವಾಸದ ಗೋಳು ನನ್ನಲ್ಲಿಲ್ಲ. ಬಾತುಕೋಳಿಯ ಕಾಲು ಹೇಳಿದೆ. ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ತಿನಿಸು. ಅದರ ಮುಂದೆ ಪಾತ್ರೆಯ ಗುರುತು ಇರಲಿಲ್ಲ. ಗಂಟೆಗಟ್ಟಲೆ ಬೇಯುವ ಆ ಕಾಲು ಎಂಟು ನಿಮಿಷದಲ್ಲಿ ಬಂತು. ಬರುವ ಮೊದಲು ಒಳಗಿಂದ ಒಂದು ಸದ್ದು ಕೇಳಿಸಿತು.

ಟಿಣ್.

ಹುಡುಗ ನನ್ನ ಮುಖ ನೋಡಲಿಲ್ಲ. ಕೊಸಾಕರು ಕೇಳಿದ 'ಬೇಗ' ಕೊನೆಗೂ ಬಂದಿತ್ತು ಅಂದುಕೊಂಡೆ. 2023ರಲ್ಲಿ ಅಲ್ಲಿನ ಮಂತ್ರಿಯೊಬ್ಬರು, ಇಲ್ಲಿ ಮಾಡಿದ್ದಕ್ಕೆ ಗುರುತು ಹಾಕುವ ಬದಲು ಮಾಡದೇ ಇದ್ದದ್ದಕ್ಕೇ ಗುರುತು ಕಡ್ಡಾಯ ಮಾಡೋಣ ಎಂದಿದ್ದರು. ನನ್ನ ಬಾತುಕೋಳಿಯ ಮುಂದೆ ಅಂಥ ಗುರುತೂ ಇರಲಿಲ್ಲ. ಅದು ಯಾರೂ ಮಾಡದೆ ತಾನಾಗಿಯೇ ಆದ ಬಾತುಕೋಳಿ.

ಹುಡುಗ ಇನ್ನೂ ಧೈರ್ಯಸ್ಥ. 'ಆಂದುಯೆತ್' ತರಿಸಿದ. ಹಂದಿಯ ಕರುಳನ್ನೇ ಕತ್ತರಿಸಿ ಕರುಳಿನೊಳಗೇ ತುಂಬಿದ ಸಾಸೇಜು. ತಟ್ಟೆ ಅಡುಗೆಮನೆಯ ಬಾಗಿಲು ದಾಟಿದ್ದು, ಅತ್ತ ಬೆನ್ನು ಹಾಕಿ ಕೂತಿದ್ದರೂ, ವಾಸನೆಯಿಂದಲೇ ನನಗೆ ಗೊತ್ತಾಯಿತು. ಮೆನುವಿನಲ್ಲಿ ಅದರ ಹೆಸರಿನ ಮುಂದೆ ಐದು 'ಎ' ಅಕ್ಷರ. ಏನಿದು, ಬೆಂಕಿ ಬಿದ್ದಾಗ ಕಿರುಚಿದ ಹಾಗಿದೆ ಅಂದೆ. ಅದು ಒಂದು ಸಂಘ. 'ಅಪ್ಪಟ ಆಂದುಯೆತ್ ಅಭಿಮಾನಿಗಳ ಸ್ನೇಹಸಂಘ' ಅಂತ ಅದರ ಅರ್ಥ. ಫ್ರೆಂಚಿನಲ್ಲಿ ಐದೂ ಪದ 'ಎ'ಯಿಂದಲೇ ಶುರುವಾಗುತ್ತವೆ. ಈ ಸಂಘದವರು ಕೂತು ತಿಂದು, ಮೂಸಿ, ಪ್ರಮಾಣಪತ್ರ ಕೊಡುತ್ತಾರೆ. ಮೂರು ಸಲ ಪ್ರಧಾನಿಯಾಗಿದ್ದ, ಲಿಯೋಂ ಪಟ್ಟಣದ ಮೇಯರ್ ಎದುವಾರ್ ಎರಿಯೋ ಹೆಸರಿನಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ರಾಜಕೀಯ ಅಂದರೆ ಆಂದುಯೆತ್ ಇದ್ದ ಹಾಗೆ, ಸ್ವಲ್ಪ ಹೇಲಿನ ವಾಸನೆ ಬರಬೇಕು, ಜಾಸ್ತಿ ಬರಬಾರದು. ಆ ಸ್ವಲ್ಪ ಎಷ್ಟು ಎಂದು ಅಳೆಯಲು ಈ ಸಂಘ ಅಂತ ಕಾಣುತ್ತದೆ. ರಾಜಕೀಯಕ್ಕೆ ಅಂಥ ಸಂಘ ಇನ್ನೂ ಆಗಿಲ್ಲ.

ನಮ್ಮೂರಲ್ಲಿ ಬೋಟಿ ಮಾಡುತ್ತಾರೆ. ನಮ್ಮತ್ತೆ ಬೆಳಿಗ್ಗೆಯೇ ಹಿತ್ತಲಲ್ಲಿ ಕೂತರೆ, ಬಿಸಿನೀರು, ಸುಣ್ಣ, ಅರಿಸಿನ ಹಾಕಿ ಉಜ್ಜಿ ಉಜ್ಜಿ ತೊಳೆದು, ಮಧ್ಯಾಹ್ನದ ಹೊತ್ತಿಗೆ ಗೊಜ್ಜು ಮಾಡುತ್ತಿದ್ದರು. ವಾಸನೆ ಹೋಗಬೇಕು ಅನ್ನುವುದೇ ಅದರ ಪರೀಕ್ಷೆ. ಹೋಗದಿದ್ದರೆ ಬೀದಿಯೇ ಬೈಯುತ್ತಿತ್ತು. ಪಾಪ, ನಮ್ಮತ್ತೆಗೆ ಗೊತ್ತಿರಲಿಲ್ಲ. ತೊಳೆಯದೆ ಬಿಟ್ಟು ಒಂದು ಸಂಘ ಕಟ್ಟಿದ್ದರೆ ಐದು ಅಕ್ಷರ ಸಿಗುತ್ತಿದ್ದವು. ಹುಡುಗ ಎರಡು ತುಂಡು ತಿಂದು ಸಾಸಿವೆ ಕೇಳಿದ. ಮೂರನೇ ತುಂಡಿಗೆ ಇನ್ನೂ ಸಾಸಿವೆ ಕೇಳಿದ. ನಾಲ್ಕನೆಯದು ನನ್ನ ಕಡೆ ತಳ್ಳಿದ.

ಸಂಘ ಅಂದೆನಲ್ಲ, ಅಲ್ಲಿ ಬೇಯಿಸಿದ ಮೊಟ್ಟೆಗೂ ಸಂಘವಿದೆ. ಮೊಟ್ಟೆಯನ್ನು ಎರಡು ಹೋಳು ಮಾಡಿ ಮೇಲೆ ಮಯೋನೀಸ್ ಸುರಿದರೆ ಅದು ಬಿಸ್ತ್ರೋದ ಹೆಸರುವಾಸಿ ತಿನಿಸು. ಅದನ್ನು 'ರಕ್ಷಿಸಲು' ಸಂಘ. ವಿಶ್ವ ಚಾಂಪಿಯನ್‌ಶಿಪ್ ಕೂಡ ಮಾಡುತ್ತಾರೆ. ವಿಶ್ವ ಎಂದರೆ ಹೆಚ್ಚು ಕಡಿಮೆ ಪ್ಯಾರಿಸ್. ಆ ದಿನ ಇಡೀ ಮೆನುವಿನಲ್ಲಿ ಪಾತ್ರೆ-ಸೂರಿನ ಗುರುತು ಇದ್ದದ್ದು ಎರಡಕ್ಕೆ. ಒಂದು ಸೊಪ್ಪಿನ ಸಲಾಡ್. ಇನ್ನೊಂದು ಈ ಮೊಟ್ಟೆ. ಮೊಟ್ಟೆಯನ್ನು ಸುಲಿದದ್ದು ಅಲ್ಲೇ ಅಂತ ನಂಬೋಣ.

ಮೊದಲು ಹೀಗಿರಲಿಲ್ಲ. ಪ್ಯಾರಿಸ್‌ನ ಹಳೆಯ ಬಿಸ್ತ್ರೋಗಳನ್ನು ನಡೆಸಿದವರಲ್ಲಿ ತುಂಬಾ ಜನ ಒವೆರ್ನ್ಯ್ ಎಂಬ ಗುಡ್ಡಗಾಡಿನಿಂದ ಹೊಟ್ಟೆಪಾಡಿಗೆ ಬಂದವರು. ಇದ್ದಿಲು ಮಾರುತ್ತಿದ್ದರು. ಹಿಂದೆ ಇದ್ದಿಲ ಗುಡ್ಡೆ, ಮುಂದೆ ವೈನಿನ ಪೀಪಾಯಿ, ಹೆಂಡತಿ ಒಲೆಯ ಮೇಲೆ ಇಟ್ಟದ್ದೇ ಊಟ. ಮುಂಬೈಗೆ ಹೋಗಿ ಊರಿಗೆಲ್ಲ ಇಡ್ಲಿ ಹಾಕಿದ ನಮ್ಮ ಉಡುಪಿಯವರ ಹಾಗೆ. ಅವರಿಗೆ ಸೂರಿನ ಗುರುತು ಬೇಕಿರಲಿಲ್ಲ, ಒಲೆ ಕಣ್ಣೆದುರಿಗೇ ಇತ್ತು.

ಈಗ ಒಲೆ ಆರಿದಷ್ಟೂ ಗೌರವ ಏರುತ್ತಿದೆ. 2010ರಲ್ಲಿ ಯುನೆಸ್ಕೋ ಫ್ರೆಂಚರ ಊಟದ ಪದ್ಧತಿಯನ್ನು ಮಾನವ ಕುಲದ ಪರಂಪರೆ ಎಂದು ಪಟ್ಟಿಗೆ ಹಾಕಿಕೊಂಡಿತು. ಬಿಸ್ತ್ರೋದವರು ನಮ್ಮನ್ನೂ ಸೇರಿಸಿ ಎಂದು ಓಡಾಡುತ್ತಿದ್ದಾರೆ. ಅಷ್ಟರಲ್ಲಿ 2022ರಲ್ಲಿ ಬ್ಯಾಗೆಟ್ ರೊಟ್ಟಿ ಒಳಗೆ ಹೋಯಿತು. ಅದಕ್ಕೆ ಪೈಪೋಟಿಯಾಗಿ ಸೋತಿದ್ದ ಪ್ಯಾರಿಸ್‌ನ ಸತುವಿನ ಮಾಳಿಗೆ ಕೆಲಸವೂ 2024ರಲ್ಲಿ ಒಳಗೆ ಹೋಯಿತು. ಬಿಸ್ತ್ರೋಗೆ ಅದೇ ವರ್ಷ ಸಿಕ್ಕಿದ್ದು ಬರೀ ದೇಶದೊಳಗಿನ ಪಟ್ಟಿ. ಸ್ವಲ್ಪ ಯೋಚಿಸಿ. ಟೇಬಲ್ಲಿನ ಮೇಲಿನ ರೊಟ್ಟಿ ಪರಂಪರೆ. ತಲೆಯ ಮೇಲಿನ ಮಾಳಿಗೆ ಪರಂಪರೆ. ನಡುವೆ ಕೂತ ಗಿರಾಕಿ ಇನ್ನೂ ಕಾಯುತ್ತಿದ್ದಾನೆ. ಬಿಸ್ತ್ರೋದ ಕೌಂಟರನ್ನೂ ಅಲ್ಲಿ 'ಸತು' ಎಂದೇ ಕರೆಯುತ್ತಾರೆ. ಮೇಲಿನ ಸತುವಿಗೆ ಪದ್ಮಶ್ರೀ, ಕೆಳಗಿನ ಸತುವಿಗೆ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ.

ನೀರಿನ ಕಥೆ ಇನ್ನೊಂದು. ಊಟಕ್ಕೆ ಕೂತವರಿಗೆ ನಲ್ಲಿ ನೀರು ಪುಕ್ಕಟೆ. ಕೇಳಿದರೆ ಕೊಡುತ್ತೇವೆ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆಯಬೇಕು ಅಂತ 2022ರ ಜನವರಿಯಿಂದ ಕಾನೂನೇ ಇದೆ. ಬರೆದಿದ್ದರು. ಮೆನುವಿನ ಕೊನೆಯ ಪುಟದ ಕೊನೆಯ ಸಾಲಿನಲ್ಲಿ, ಇರುವೆ ಓದುವ ಅಕ್ಷರದಲ್ಲಿ. ಮಾಣಿ ಮಾತ್ರ, "ಗ್ಯಾಸ್ ಇರೋದಾ, ಇಲ್ಲದ್ದಾ?" ಅಂತ ಎರಡೇ ದಾರಿ ತೋರಿಸಿದ. ನಾನು ಗ್ಯಾಸ್ ಇಲ್ಲದ್ದು ಅಂದೆ. ಆರು ಯೂರೋ ಆಯಿತು.

ಬಿಲ್ಲು ತರಿಸುವುದಕ್ಕೇ ಅರ್ಧ ಗಂಟೆ. ಕೇಳದೆ ತರುವುದು ಅಲ್ಲಿ ಅವಮಾನವಂತೆ, ಎದ್ದು ಹೋಗು ಅಂದ ಹಾಗಂತೆ. ನಾನು ಕೇಳಿದೆ, ಕೈ ಎತ್ತಿದೆ, ಗಾಳಿಯಲ್ಲಿ ಸಹಿ ಹಾಕಿದೆ. ಮರ್ಯಾದೆ ಕೊಡುತ್ತಲೇ ಇದ್ದರು. ಕೊನೆಗೆ ಬಂತು. ಬೆಲೆಯಲ್ಲೇ ಸೇವೆಯ ದುಡ್ಡು ಸೇರಿರಬೇಕೆಂಬುದು ಅಲ್ಲಿ 1987ರಿಂದ ಇರುವ ನಿಯಮ. ಬಿಲ್ಲಿನಲ್ಲೂ 'ಸೇವೆ ಸೇರಿದೆ' ಎಂದಿತ್ತು. ಆದರೆ ಕಾರ್ಡು ಉಜ್ಜುವ ಯಂತ್ರ ಕಾನೂನು ಓದಿರಲಿಲ್ಲ. 5, 10, 15 ಎಂದು ಶೇಕಡಾ ತೋರಿಸಿ ಬೆರಳಿಡು ಅಂದಿತು. ಪಕ್ಕದ ಟೇಬಲ್ಲಿನ ಪ್ಯಾರಿಸ್ಸಿಗನಿಗೆ ಅದೇ ಯಂತ್ರ ಸುಮ್ನೆ ಮೊತ್ತ ತೋರಿಸಿತು. ಯಂತ್ರಕ್ಕೂ ಮುಖಪರಿಚಯ ಇರುತ್ತದೆ, ಅಲ್ವಾ.

ಹನ್ನೆರಡೂವರೆಗೆ ಕೂತವರು ಎದ್ದಾಗ ಮೂರು ಗಂಟೆ. ಅದರಲ್ಲಿ ಅಡುಗೆಗೆ ಹಿಡಿದದ್ದು ಎಂಟು ನಿಮಿಷ.

ರಾತ್ರಿ ಹುಡುಗನ ಮನೆಯಲ್ಲಿ ಇಬ್ಬರಿಗೂ ಹಸಿವು. "ಮಾವ, ಕೂತಿರಿ, ಮನೇಲೇ ಏನಾದ್ರೂ ಮಾಡ್ತೀನಿ" ಅಂತ ಒಳಗೆ ಹೋದ. ಕವರು ಹರಿಯುವ ಸದ್ದು. ಬಾಗಿಲು ಮುಚ್ಚಿದ ಸದ್ದು. ಆಮೇಲೆ ಎರಡು ನಿಮಿಷ ಗುಂಯ್ ಅನ್ನುವ ಸದ್ದು. ನಾನು ಎದ್ದು ಹೋಗಿ ನೋಡಲಿಲ್ಲ.

ಟಿಣ್.

ಬಿಸಿಬೇಳೆಬಾತ್. ಮೇಲೆ ಅವನೇ ಕೈಯಾರೆ ಖಾರಾಬೂಂದಿ ಉದುರಿಸಿದ್ದ.

"ಫೇ ಮೇಝೋಂ, ಮಾವ" ಅಂದ.

ನಾನು ಎರಡನೇ ಸಲವೂ ಹಾಕಿಸಿಕೊಂಡೆ.