ಡ್ರಾಪ್ ತಗೊಳ್ಳಲಾ ಮೇಡಂ?

ಹೋದ ವಾರ ಜೂನಿಯರ್ ಒಬ್ಬಳ ಮೆಸೇಜು ಬಂತು. "ಮೇಡಂ, ಇಂಟರ್ನ್‌ಶಿಪ್ ಮುಗೀತು. ಕೆಲಸಕ್ಕೆ ಸೇರಲಾ, ಪಿಜಿಗೆ ಡ್ರಾಪ್ ತಗೊಳ್ಳಲಾ?" "ಕೆಲಸ ಬಿಡಬೇಡ" ಅಂತ ಎರಡೇ ಪದ ಕಳಿಸಿದೆ. ತಕ್ಷಣ ತಿರುಗುಬಾಣ: "ನೀವು ಬಿಟ್ಟಿದ್ರಲ್ಲ ಮೇಡಂ?"

ಹೌದು, ಬಿಟ್ಟಿದ್ದೆ. ಅದಕ್ಕೇ ಈ ಉದ್ದನೆ ಪೋಸ್ಟು.

ವೈದ್ಯರಲ್ಲದ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ. ಡ್ರಾಪ್ ಅಂದರೆ ಕೆಲಸಕ್ಕೆ ಹೋಗದೆ ಪರೀಕ್ಷೆಗಂತಲೇ ಓದುತ್ತ ಕೂರುವುದು. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಪಿಜಿ, ಅಂದರೆ ಎಂಡಿ, ಎಂಎಸ್ ಬೇಕೆಂದರೆ ನೀಟ್ ಪಿಜಿ ಅನ್ನುವ ಪ್ರವೇಶ ಪರೀಕ್ಷೆ. 19 ವಿಷಯ, 200 ಪ್ರಶ್ನೆ, 800 ಅಂಕ, ಮೂರೂವರೆ ತಾಸು. ಸರಿಯಾದರೆ 4, ತಪ್ಪಾದರೆ ಇದ್ದದ್ದರಲ್ಲಿ 1 ಕಟ್. 2024ರಿಂದ ಇನ್ನೊಂದು ಬಿಗಿ: 40 ಪ್ರಶ್ನೆಗಳ ಐದು ಭಾಗ, ಒಂದೊಂದಕ್ಕೆ 42 ನಿಮಿಷ. ಸಮಯ ಮುಗಿದ ಭಾಗಕ್ಕೆ ಮತ್ತೆ ಕೈ ಹಾಕುವಂತಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಡಾಕ್ಟರುಗಳು ಕೂರುವ ಪರೀಕ್ಷೆ ಇದು. ರೇಡಿಯಾಲಜಿ, ಡರ್ಮಾ (ಚರ್ಮರೋಗ), ಮೆಡಿಸಿನ್‌ಗೆ ಕಿತ್ತಾಟ; ಅನಾಟಮಿ, ಬಯೋಕೆಮಿಸ್ಟ್ರಿಯತ್ತ ತಿರುಗಿ ನೋಡುವವರು ಕಡಿಮೆ. ಖಾಲಿ ಸೀಟು ತುಂಬಲಿ ಅಂತ 2023ರಲ್ಲಿ ಕಟ್‌ಆಫನ್ನು ಸೊನ್ನೆ ಪರ್ಸೆಂಟೈಲ್‌ಗೇ ಇಳಿಸಿದ್ದರು. ಅಂದರೆ ಹಾಲ್‌ಗೆ ಹೋಗಿ ಕೂತು ಎದ್ದು ಬಂದವರೆಲ್ಲ ಪಾಸು. ಮೇಲಿದ್ದವರಿಗೆ ಒಂದೊಂದು ಅಂಕಕ್ಕೂ ಜೀವ ಹೋಗುತ್ತೆ, ಕೆಳಗೆ ಅಂಕಕ್ಕೆ ಬೆಲೆಯೇ ಇಲ್ಲ.

ಆದರೂ ಎಲ್ಲರೂ ಓದುತ್ತೇವೆ. ಯಾಕೆಂದರೆ "ಬರೇ ಎಂಬಿಬಿಎಸ್ಸಾ?" ಅನ್ನುವ ಆ 'ಬರೇ' ಇದೆಯಲ್ಲ, ಅದನ್ನು ಮದುವೆ ಮನೆಯಲ್ಲೂ ಕೇಳಿದ್ದೇನೆ, ಬ್ಯಾಂಕ್ ಕೌಂಟರ್‌ನಲ್ಲೂ ಕೇಳಿದ್ದೇನೆ. ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ನಾನೇ ಕುರ್ಚಿಯಲ್ಲಿ ಕೂತಿರುವಾಗ "ದೊಡ್ಡ ಡಾಕ್ಟ್ರು ಎಲ್ಲಿ ಅದಾರ್ರಿ ಅಕ್ಕಾರ?" ಅಂತ ನನ್ನನ್ನೇ ಕೇಳಿದವರಿದ್ದಾರೆ.

2023ರ ಮಾರ್ಚ್‌ನಲ್ಲಿ, ಇನ್ನೂ ಇಂಟರ್ನ್ ಆಗಿದ್ದಾಗಲೇ ಮೊದಲ ಸಲ ಬರೆದೆ. ರ‍್ಯಾಂಕ್ ಹೇಳಿಕೊಳ್ಳುವಂಥದ್ದಲ್ಲ. ಆಮೇಲೆ ಹಾವೇರಿ ಜಿಲ್ಲೆಯ ಒಂದು ಪಿಎಚ್‌ಸಿಗೆ ಹೋದೆ. ಮಧ್ಯಾಹ್ನ ಓಪಿಡಿ ಖಾಲಿಯಾದ ಮೇಲೆ ಫೋನಿನಲ್ಲಿ ಕ್ಯೂಬ್ಯಾಂಕ್ (ಅಭ್ಯಾಸದ ಪ್ರಶ್ನೆಗಳ ಸಂಗ್ರಹ) ತೆರೆದು ಕೂರುತ್ತಿದ್ದೆ. ಅಲ್ಲಿ ಒಂದು ಪ್ರಶ್ನೆ ಬಂದಿತ್ತು: ಕೀಟನಾಶಕದ ವಿಷ ಏರಿದವನಿಗೆ ಅದರ ಮದ್ದು ಅಟ್ರೋಪಿನ್ ಕೊಡುತ್ತಿದ್ದೀರಿ, ಸಾಕಾಯಿತು ಅಂತ ಯಾವುದರಿಂದ ತಿಳಿಯುತ್ತೀರಿ? ನಾನು ಕಣ್ಣಿನ ಪಾಪೆ ಹಿಗ್ಗುವುದು ಅಂತ ಒತ್ತಿದೆ. ಕೆಂಪು ಬಂತು. ಉತ್ತರ: ಎದೆಯ ಕಫ ಒಣಗಿ ಉಸಿರಿನ ಸದ್ದು ತಿಳಿಯಾಗುವುದು. ಸರಿ ಅಂದುಕೊಂಡು ಮುಂದಿನ ಪ್ರಶ್ನೆಗೆ ಹೋದೆ. ಒಂದು ವಾರ ಬಿಟ್ಟು ಅದೇ ಪ್ರಶ್ನೆ ಬಂತು. ಮತ್ತೆ ಪಾಪೆ, ಮತ್ತೆ ಕೆಂಪು.

ಅದೇ ತಿಂಗಳು ಒಂದು ಸಂಜೆ ಒಬ್ಬ ಹುಡುಗನನ್ನು ಬೈಕಿನ ಮಧ್ಯೆ ಕೂರಿಸಿಕೊಂಡು ಇಬ್ಬರು ಬಂದರು. "ಎಣ್ಣಿ ಹೊಡ್ಯಾಕ ಹೋಗಿದ್ದ ರೀ ಅಕ್ಕಾರ." (ಬೆಂಗಳೂರಿನವರು ತಪ್ಪು ತಿಳಿಯಬಾರದು. ನಮ್ಮ ಕಡೆ ಎಣ್ಣಿ ಹೊಡೆಯೋದು ಅಂದ್ರೆ ಹೊಲಕ್ಕೆ ಔಷಧಿ ಸಿಂಪಡಿಸೋದು.) ಬೆನ್ನಿಗೆ ಕಟ್ಟಿದ ಕ್ಯಾನು ಸೋರಿ ಅಂಗಿ ತೊಯ್ದು ಬೆನ್ನಿಗಂಟಿತ್ತು. ಅದರಲ್ಲೇ ಮೂರು ತಾಸು ಕೆಲಸ ಮಾಡಿದ್ದ. ಬೆವರು, ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸಾಸಿವೆಗಿಂತ ಸಣ್ಣ. ಎದೆಗೆ ಸ್ಟೆತ್ ಇಟ್ಟರೆ ಹುಕ್ಕಾ ಸೇದಿದ ಹಾಗೆ ಗೊರಗೊರ.

ನಾನು ಲೈನ್ ಹಾಕಲು (ನರಕ್ಕೆ ಸೂಜಿ ಚುಚ್ಚಲು) ಓಡಿದೆ. ಸಿಸ್ಟರ್ ಅಂದರು, "ಮೇಡಂ, ಮೊದಲ ಅಂಗಿ ತಗಸ್ರಿ." ಅಂಗಿ ಬಿಚ್ಚಿಸಿ ಮೈಗೆಲ್ಲ ಸೋಪು ಹಚ್ಚಿ ತೊಳೆಯುವುದು ಯಾವ ನಾಲ್ಕು ಆಯ್ಕೆಯಲ್ಲೂ ಇರಲಿಲ್ಲ. ಆಯಾ ಬಕೆಟ್ ತಂದು ತೊಳೆಯುತ್ತಿದ್ದರು, ಸಿಸ್ಟರ್ ಅಟ್ರೋಪಿನ್ ಆಂಪ್ಯೂಲ್ (ಪುಟ್ಟ ಗಾಜಿನ ಸೀಸೆ) ಮುರಿಯುತ್ತಿದ್ದರು. ಒಂದೊಂದರಲ್ಲಿ 0.6 ಮಿಲಿಗ್ರಾಂ. ಮೊದಲು ಮೂರು, ಐದು ನಿಮಿಷ ಬಿಟ್ಟು ಆರು, ಮತ್ತೆ ಐದು ನಿಮಿಷ ಬಿಟ್ಟು ಹನ್ನೆರಡು. ಹತ್ತಿ ಹಿಡಿದು ಮುರಿಯಲು ಪುರುಸೊತ್ತಿಲ್ಲದೆ ಅವರ ಹೆಬ್ಬೆರಳು ಕೊಯ್ದುಕೊಂಡಿತ್ತು. ಎರಡನೇ ಸುತ್ತಿಗೇ ಪಾಪೆ ಸ್ವಲ್ಪ ಹಿಗ್ಗಿತು. ನಾನು ಸಮಾಧಾನದ ಉಸಿರು ಬಿಡಬೇಕು, ಅಷ್ಟರಲ್ಲಿ ಎದೆಯಲ್ಲಿ ಅದೇ ಗೊರಗೊರ. ಮೂರನೇ ಸುತ್ತಿನ ನಂತರ ಸ್ಟೆತ್ ಇಟ್ಟರೆ, ಗಾಳಿ ಸುಮ್ಮನೆ ಒಳಗೆ ಹೋಗಿ ಹೊರಗೆ ಬರುವ ಸದ್ದು. ಉಳಿದ ಆಂಪ್ಯೂಲನ್ನೆಲ್ಲ ಕಟ್ಟಿಕೊಂಡು 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಅವನ ಜೊತೆ ನಾನೂ ಹೋದೆ. ಹತ್ತು ದಿನಕ್ಕೆ ಮನೆಗೆ ಬಂದ.

ಆ ಪ್ರಶ್ನೆ ಆಮೇಲೆ ಎಷ್ಟು ಸಲ ಬಂದರೂ ನನಗೆ ತಪ್ಪಿಲ್ಲ.

2024ರ ಪರೀಕ್ಷೆ ಜೂನ್ 23ಕ್ಕೆ ಇತ್ತು. ರಜೆ ಹಾಕಿ, ಸೆಂಟರ್ ಇದ್ದ ಊರಿಗೆ ಬಸ್ ಹತ್ತಿ, ಲಾಡ್ಜ್ ಹಿಡಿದು, ಅಡ್ಮಿಟ್ ಕಾರ್ಡ್ ದಿಂಬಿನ ಕೆಳಗಿಟ್ಟುಕೊಂಡು ಮಲಗುವ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತು. ಪರೀಕ್ಷೆ ಮುಂದಕ್ಕೆ! ಬೆಳಗಾದರೆ ಪರೀಕ್ಷೆ, ಹಿಂದಿನ ರಾತ್ರಿ ಈ ಸುದ್ದಿ. ಪಕ್ಕದ ರೂಮಿನಲ್ಲೂ ಒಬ್ಬ ಪರೀಕ್ಷಾರ್ಥಿ ಇದ್ದನೆಂದು ನನಗೆ ಗೊತ್ತಾಗಿದ್ದು ಅವನು ಬೈದ ಬೈಗುಳದಿಂದ. ಕೊನೆಗೆ ನಡೆದದ್ದು ಆಗಸ್ಟ್ 11ರಂದು. ಅದಕ್ಕೆ ಎರಡೇ ದಿನ ಮುಂಚೆ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯ ಸುದ್ದಿ. ಡ್ಯೂಟಿಯಲ್ಲಿದ್ದ ಪಿಜಿ ಹುಡುಗಿಯ ಅತ್ಯಾಚಾರ, ಕೊಲೆ. ನಾವು ಯಾವ ಸೀಟಿಗೆ ಅಂತ ಸಾಲುಗಟ್ಟಿ ನಿಂತಿದ್ದೆವೋ ಅಂಥದೇ ಸೀಟಿನಲ್ಲಿದ್ದವಳು. ಸೆಂಟರ್ ಗೇಟಿನ ಮುಂದೆ ಹುಡುಗಿಯರು ಯಾರೂ ಮಾತಾಡುತ್ತಿರಲಿಲ್ಲ.

ಆ ಸಲವೂ ಬೇಕಾದ ರ‍್ಯಾಂಕ್ ಬರಲಿಲ್ಲ. ಕೆಲಸ ಬಿಟ್ಟೆ. ಧಾರವಾಡ ಸಪ್ತಾಪುರದಲ್ಲಿ ರೂಮು ಮಾಡಿ ರೀಡಿಂಗ್ ರೂಮ್ ಸೇರಿದೆ. ಸುತ್ತ ಪಿಎಸ್‌ಐ, ಕೆಎಎಸ್, ಎಫ್‌ಡಿಎ ಓದುವವರು. ಬಲಗಡೆ ಕೂರುತ್ತಿದ್ದ ತಂಗಿ ಒಂದು ದಿನ ಕೇಳಿದಳು, "ಅಕ್ಕಾರ, ಡಾಕ್ಟರ್ ಆದ ಮ್ಯಾಲೂ ಇಲ್ಲೇ ಕುಂದ್ರಬೇಕೇನ್ರಿ?" ಇಬ್ಬರೂ ನಕ್ಕೆವು. ಆಮೇಲೆ ಆ ದಿನ ಪೂರ್ತಿ ನನಗೆ ಓದಲಾಗಲಿಲ್ಲ.

ಮೊದಲ ಮೂರು ತಿಂಗಳು ಲಾಭವಾಯಿತು, ಸುಳ್ಳು ಹೇಳಲಾರೆ. ಓದದೇ ಬಿಟ್ಟಿದ್ದ ವಿಷಯಗಳು ಮುಗಿದವು, ಗ್ರ್ಯಾಂಡ್ ಟೆಸ್ಟ್ (ಪೂರ್ತಿ ಅಣಕು ಪರೀಕ್ಷೆ) ಅಂಕ ಏರಿತು. ಡಿಸೆಂಬರ್ ಹೊತ್ತಿಗೆ ನಿಂತುಬಿಟ್ಟಿತು. ದಿನಕ್ಕೆ ಹನ್ನೆರಡು ತಾಸು ಕೂತರೂ ಅಷ್ಟೇ. ಓದಿದ್ದು ಉಳಿಯುತ್ತಿರಲಿಲ್ಲ. ಯಾಕೆಂದರೆ ಯಾವ ರೋಗಕ್ಕೂ ಮುಖ ಇರಲಿಲ್ಲ, ಬರೀ ಹೆಸರು. ಪಕ್ಕದಲ್ಲಿ ಯಾರೋ ಕೆಮ್ಮಿದರೆ ತಿರುಗಿ ನೋಡುತ್ತಿದ್ದೆ, ಅಷ್ಟರಮಟ್ಟಿಗೆ ರೋಗಿಗಳಿಗಾಗಿ ಹಸಿದಿದ್ದೆ ಅನ್ನಿ.

ಜನವರಿಯಿಂದ ವಾರಕ್ಕೆ ಎರಡು ರಾತ್ರಿ ಒಂದು ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಹಿಡಿದೆ. ರೂಮಿನ ಬಾಡಿಗೆಗೂ ಆಯಿತು. ಓದು ಎಂಟು ತಾಸಿಗೆ ಇಳಿಯಿತು, ಅಂಕ ಮತ್ತೆ ಏರತೊಡಗಿತು. ಮೇ 30ಕ್ಕೆ ಸುಪ್ರೀಂ ಕೋರ್ಟು ಎರಡು ಪಾಳಿ ಬೇಡ, ಒಂದೇ ಪಾಳಿಯಲ್ಲಿ ನಡೆಸಿ ಅಂದಿತು. ನ್ಯಾಯವಾದ ಮಾತೇ. ಆದರೆ ಅದರಿಂದ ಜೂನ್ 15ರ ಪರೀಕ್ಷೆ ಆಗಸ್ಟ್ 3ಕ್ಕೆ ಹೋಯಿತು. ರೀಡಿಂಗ್ ರೂಮಿನಲ್ಲೇ ವರ್ಷ ಕಳೆದಿದ್ದ ಗೆಳತಿಯರು ಆ ಏಳು ವಾರದಲ್ಲಿ ಕುಗ್ಗಿಹೋದರು. ನನಗೆ ಮಂಗಳವಾರ, ಶುಕ್ರವಾರದ ಡ್ಯೂಟಿಯಾದರೂ ಇತ್ತು.

ಸೀಟು ಸಿಕ್ಕಿತು, ಅನಸ್ತೀಶಿಯಾ (ಅರಿವಳಿಕೆ). ಹಾಗಾಗಿ "ಡ್ರಾಪ್‌ನಿಂದಲೇ ಸಿಕ್ಕಿತಲ್ಲ" ಅಂತ ನೀವು ಅನ್ನಬಹುದು. ಮೂರು ತಿಂಗಳ ಮಟ್ಟಿಗೆ ಒಪ್ಪುತ್ತೇನೆ, ಅದಕ್ಕಿಂತ ಹೆಚ್ಚಿಗೆ ಇಲ್ಲ. ಹಾಗಂತ ಕಾರ್ಪೊರೇಟ್ ಕ್ಯಾಶುಯಾಲ್ಟಿಯಲ್ಲಿ ದಿನ ಬಿಟ್ಟು ದಿನ 24 ತಾಸು ದುಡಿದು ಓದು ಅಂತಲೂ ನಾನು ಹೇಳುತ್ತಿಲ್ಲ. ಅಲ್ಲಿ ಓದೂ ಇರೋದಿಲ್ಲ, ನಿದ್ದೆಯೂ ಇರೋದಿಲ್ಲ. ವಾರಕ್ಕೆ ಎರಡು ರಾತ್ರಿ ಸಾಕು. ಕೈಗೆ ರೋಗಿ ತಾಗುತ್ತಿರಬೇಕು, ಅಷ್ಟೇ. ಪರೀಕ್ಷೆ ನಡೆಸುವವರಿಗೂ ಒಂದು ಮಾತು: ದಿನಾಂಕ ಒಂದನ್ನು ನೆಟ್ಟಗೆ ಇಟ್ಟುಕೊಂಡರೆ ಅರ್ಧಕ್ಕರ್ಧ ಮಕ್ಕಳು ಕೆಲಸ ಬಿಡುವುದಿಲ್ಲ. ಯಾವಾಗ ಬರುತ್ತೋ ಗೊತ್ತಿಲ್ಲದ ಬಸ್ಸಿಗೆ ಸ್ಟ್ಯಾಂಡಿನಲ್ಲೇ ಕೂತು ಕಾಯಬೇಕಾಗುತ್ತದೆ, ಮನೆಗೆ ಹೋಗಿ ಬರುವ ಧೈರ್ಯ ಯಾರಿಗೂ ಇರುವುದಿಲ್ಲ.

ಈಗ ದಿನಾ ಬೆಳಗ್ಗೆ ಓಟಿಯಲ್ಲಿ ನನ್ನ ಮೊದಲ ಕೆಲಸ ತುರ್ತು ಔಷಧಿಗಳನ್ನು ಸಿರಿಂಜಿಗೆ ಎಳೆದು ಲೇಬಲ್ ಹಚ್ಚಿಡುವುದು. ಅದರಲ್ಲಿ ಅಟ್ರೋಪಿನ್ನೂ ಒಂದು. ಮೊದಲ ದಿನ ನಾನು ಚಟಕ್ಕನೆ ಮುರಿದದ್ದು ನೋಡಿ ಸೀನಿಯರ್ ಕೇಳಿದರು, "ಎಲ್ಲಿ ಕಲಿತೆ ಹೀಗೆ ಮುರಿಯೋದು?"

"ಪಿಎಚ್‌ಸಿ ಸಿಸ್ಟರ್ ಕಲಿಸಿದ್ದು ಸರ್," ಅಂದೆ. "ಹತ್ತಿ ಹಿಡಿದು ಮುರಿ ಅಂತಲೂ ಅವರೇ ಹೇಳಿದ್ರು."