ಉರಿಯೋ ಮನೆಯಲ್ಲಿ ಗಳ ಹಿರಿಯೋರು

2024ರ ಮಾರ್ಚ್ 1, ಶುಕ್ರವಾರ ಮಧ್ಯಾಹ್ನ. ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಏನೋ ಸಿಡಿಯಿತಂತೆ ಅಂತ ಸುದ್ದಿ ಬಂದಾಗ ನಾನು ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಸಿಲಿಂಡರೋ ಬಾಂಬೋ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಆದರೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಎಲ್ಲ ಗೊತ್ತಾಗಿಬಿಟ್ಟಿತ್ತು. ಚಿಕ್ಕಪ್ಪ "ಗ್ಯಾರಂಟಿ ನೋಡಿ ವೋಟು ಹಾಕಿದ್ರಲ್ಲ, ಅನುಭವಿಸಿ" ಅಂತ ಹಾಕಿದರು. ಐದು ನಿಮಿಷಕ್ಕೆ ಸೋದರಮಾವ "ಎಲೆಕ್ಷನ್ ಬಂತು, ಬಾಂಬೂ ಬಂತು, ಅರ್ಥ ಮಾಡ್ಕೊಳ್ಳಿ" ಅಂದರು. ನನ್ನ ತಂಗಿ ಕೆಲಸ ಮಾಡೋದು ಅದೇ ಕಡೆ. ಅವಳು ಹುಷಾರಾಗಿದ್ದಾಳಾ ಅಂತ ಕೇಳಿದ್ದು ಅತ್ತೆ ಒಬ್ಬರೇ.

ಚಿಕ್ಕಪ್ಪ, ಮಾವ ಇಬ್ಬರೂ ಕೆಟ್ಟವರಲ್ಲ. ಆದರೆ ಅವರು ಬರೆದದ್ದರಲ್ಲಿ ಆವತ್ತಿನದು ಒಂದಕ್ಷರವೂ ಇರಲಿಲ್ಲ. ಗುರುವಾರ ರಾತ್ರಿಯೂ ಅದೇ ಹೇಳುತ್ತಿದ್ದರು. ಶುಕ್ರವಾರ ಹೇಳೋಕೆ ಒಂದು ಬಾಂಬು ಸಿಕ್ಕಿತು, ಅಷ್ಟೇ.

ಉರಿಯೋ ಮನೆಯಲ್ಲಿ ಗಳ ಹಿರಿಯೋದು ಅಂತೀವಲ್ಲ, ಅದು. ಎಲ್ಲರೂ ನೀರು ಹೊತ್ತು ಓಡಾಡುತ್ತಿರುವಾಗ ಒಬ್ಬ ಬಂದು ಸೂರಿನ ಬಿದಿರು ಎಳೆದುಕೊಂಡು ಹೋಗ್ತಾನೆ. ಬೆಂಕಿ ಇಟ್ಟವನು ಅವನಲ್ಲ. ಆದರೆ ಆ ಬಿದಿರಿನ ಮೇಲೆ ಅವನ ಕಣ್ಣು ಮೊದಲಿಂದಲೂ ಇತ್ತು.

ಆ ಒಂದು ಬಾಂಬಿನ ಪ್ರಯಾಣ ನೋಡಿ. ಸುಮಾರು ಹತ್ತು ಜನಕ್ಕೆ ಗಾಯ, ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಮೂರು ವಾರ ಆಗಿರಲಿಲ್ಲ, ಆಗ ಕೇಂದ್ರ ಸಚಿವೆಯಾಗಿದ್ದ, ಬೆಂಗಳೂರು ಉತ್ತರಕ್ಕೆ ಅಭ್ಯರ್ಥಿಯೂ ಆಗಿದ್ದ ಶೋಭಾ ಕರಂದ್ಲಾಜೆ, ತಮಿಳುನಾಡಿನಲ್ಲಿ ತರಬೇತಿ ಪಡೆದವರು ಬಂದು ಇಲ್ಲಿ ಬಾಂಬ್ ಇಟ್ಟರು ಅಂದರು. ಆ ಕಡೆ ಗಲಾಟೆಯಾಗಿ, ಮದುರೈನಲ್ಲಿ ಕೇಸೂ ಬಿದ್ದು, ಅವರು ಕ್ಷಮೆ ಕೇಳಬೇಕಾಯಿತು. ಏಪ್ರಿಲ್ 12ಕ್ಕೆ ಎನ್‌ಐಎ ಇಬ್ಬರು ಆರೋಪಿಗಳನ್ನು ಬಂಗಾಳದಲ್ಲಿ ಹಿಡಿಯಿತು. ತಗೊಳ್ಳಿ, ಈಗ ಬಂಗಾಳದ ಸರದಿ. ಬಂಗಾಳ ಭಯೋತ್ಪಾದಕರ ಅಡಗುತಾಣ ಅಂತ ಬಿಜೆಪಿ. ಅವರು ನಮ್ಮವರಲ್ಲ, ಕರ್ನಾಟಕದವರು ಅಂತ ಮಮತಾ ಬ್ಯಾನರ್ಜಿ. ಆರೋಪಿಗಳು ನಮ್ಮ ತೀರ್ಥಹಳ್ಳಿಯವರು. ಮಲೆನಾಡಿನ ಒಂದು ಸಣ್ಣ ಊರಿನ ಹುಡುಗರು ಆ ದಾರಿ ಹೇಗೆ ಹಿಡಿದರು ಅನ್ನೋದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ಅದನ್ನು ಕೇಳಿದರೆ ಯಾರಿಗೂ ವೋಟು ಬರಲ್ಲ ನೋಡಿ.

ಇದು ಒಂದೇ ಪಕ್ಷದ ಚಾಳಿ ಅಂದ್ಕೋಬೇಡಿ. 2022ರ ನವೆಂಬರ್‌ನಲ್ಲಿ ಮಂಗಳೂರಿನ ಆಟೋದಲ್ಲಿ ಕುಕ್ಕರ್ ಸ್ಫೋಟ ಆಯಿತಲ್ಲ, ಆಗ ಡಿ.ಕೆ. ಶಿವಕುಮಾರ್ ಅದನ್ನು ತಿರುಗಿಸಿದ್ದು ಮತದಾರರ ಮಾಹಿತಿ ಕದ್ದ ಹಗರಣದ ಕಡೆಗೆ. ಅದನ್ನು ಮುಚ್ಚಿಹಾಕೋಕೆ ಆಗಿನ ಬಿಜೆಪಿ ಸರ್ಕಾರದವರು ಈ ಸ್ಫೋಟವನ್ನು ಬಳಸಿಕೊಂಡರು ಅಂದರು. ಎರಡೂ ಕಡೆಯವರು ವಾರಗಟ್ಟಲೆ ಕಿತ್ತಾಡಿದರು. ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದು ಆಟೋ ಓಡಿಸುತ್ತಿದ್ದ ಮನುಷ್ಯ.

ದೊಡ್ಡ ದೇಶಗಳು ನಮಗಿಂತ ಮೇಲು ಅಂತಲೂ ಅಲ್ಲ. 2001ರ ಸೆಪ್ಟೆಂಬರ್ 11ರಂದು ಬೆಳಗ್ಗೆ 9.37ಕ್ಕೆ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ಗೆ ವಿಮಾನ ಬಡಿಯಿತು. ಅದೇ ಮಧ್ಯಾಹ್ನ 2.40ಕ್ಕೆ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಹೇಳಿದ್ದನ್ನು ಅವರ ಸಹಾಯಕ ಗೀಚಿಕೊಂಡ ಟಿಪ್ಪಣಿ ಆಮೇಲೆ ಹೊರಬಂತು. ಇದೇ ಏಟಿನಲ್ಲಿ ಇರಾಕಿನ ಸದ್ದಾಂಗೂ ಹೊಡೆಯಬಹುದಾ ನೋಡಿ, ಬಿನ್ ಲಾಡೆನ್ ಒಬ್ಬನಿಗೇ ಅಲ್ಲ, ಸಂಬಂಧ ಇರೋದು ಇಲ್ಲದ್ದು ಎಲ್ಲ ಗುಡಿಸಿ ಹಾಕಿ, ಅನ್ನೋ ಅರ್ಥದ ಮಾತು. ಕಟ್ಟಡ ಇನ್ನೂ ಉರಿಯುತ್ತಿತ್ತು, ಐದು ಗಂಟೆ ಆಗಿತ್ತು, ಅಷ್ಟೇ. ಇದೇ ರಮ್ಸ್‌ಫೆಲ್ಡ್ 1998ರ ಜನವರಿಯಲ್ಲೇ, ಸದ್ದಾಂನನ್ನು ಕಿತ್ತುಹಾಕಿ ಅಂತ ಆಗಿನ ಅಧ್ಯಕ್ಷ ಕ್ಲಿಂಟನ್‌ಗೆ ಬರೆದ ಪತ್ರಕ್ಕೆ ಸಹಿ ಹಾಕಿದ್ದರು. ಆವತ್ತು ನ್ಯೂಯಾರ್ಕಿನ ಅವಳಿ ಗೋಪುರ ಬೀಳಿಸಿದವರಲ್ಲಿ ಇರಾಕಿನವನು ಒಬ್ಬನೂ ಇರಲಿಲ್ಲ. ಆದರೂ 2003ರಲ್ಲಿ ಯುದ್ಧ ಆಯಿತು.

ನನಗೆ ಇದಕ್ಕಿಂತ ಜಾಸ್ತಿ ಚುಚ್ಚೋದು ಆವತ್ತಿನದೇ ಇನ್ನೊಂದು ಸಣ್ಣ ಕಾಗದ. ಲಂಡನ್‌ನಲ್ಲಿ ಸಾರಿಗೆ ಸಚಿವರ ಸಲಹೆಗಾರ್ತಿ ಜೋ ಮೂರ್ ಟಿವಿಯಲ್ಲಿ ಗೋಪುರ ಉರಿಯುತ್ತಿರುವಾಗಲೇ ಒಂದು ಇಮೇಲ್ ಕಳಿಸಿದರು. ಮುಚ್ಚಿಡಬೇಕಾದ ಸುದ್ದಿ ಏನಾದರೂ ಇದ್ದರೆ ಹೊರಬಿಡೋಕೆ ಇವತ್ತು ಒಳ್ಳೇ ದಿನ, ಕೌನ್ಸಿಲರ್‌ಗಳ ಖರ್ಚಿನ ವಿಷಯ ಬಿಡೋಣವಾ, ಅಂತ. ಯುದ್ಧ ಅಲ್ಲ, ತೈಲ ಅಲ್ಲ, ನಗರಸಭೆ ಸದಸ್ಯರ ಭತ್ಯೆ! ಸಾವಿರಾರು ಜನ ಸಾಯುತ್ತಿರುವಾಗ ಒಬ್ಬರ ತಲೆಗೆ ಮೊದಲು ಹೊಳೆದದ್ದು ಅದು.

ನಮ್ಮ ಪೋಟಾ, ಅಂದರೆ ಭಯೋತ್ಪಾದನೆ ತಡೆ ಕಾಯ್ದೆ, ಅದರ ಕಥೆಯೂ ಹೀಗೇ. ಸಂಸತ್ತಿನ ಮೇಲೆ ದಾಳಿ ಆಯಿತು, ಅದಕ್ಕೇ ಆ ಕಾನೂನು ತಂದರು ಅಂತ ಬಹಳ ಜನ ತಿಳಿದಿದ್ದಾರೆ. ದಾಳಿ ಆಗಿದ್ದು 2001ರ ಡಿಸೆಂಬರ್ 13. ಸುಗ್ರೀವಾಜ್ಞೆ ಬಂದಿದ್ದು ಅದಕ್ಕೂ ಮುಂಚೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ. ಮಸೂದೆಯ ಕರಡು 2000ದಿಂದಲೇ ಸಿದ್ಧವಾಗಿತ್ತು. 2002ರ ಮಾರ್ಚ್‌ನಲ್ಲಿ ಜಂಟಿ ಅಧಿವೇಶನ ಕರೆದು ಪಾಸು ಮಾಡಿದರು. ಆಗ ಪರವಾಗಿ ನಿಂತವರಲ್ಲಿ ತಮಿಳುನಾಡಿನ ಎಂಡಿಎಂಕೆ ಪಕ್ಷದ ನಾಯಕ ವೈಕೋ ಕೂಡ ಒಬ್ಬರು. ಜುಲೈನಲ್ಲಿ, ಎಲ್‌ಟಿಟಿಇ ಪರ ಭಾಷಣ ಮಾಡಿದರು ಅಂತ ಜಯಲಲಿತಾ ಸರ್ಕಾರ ಅದೇ ಪೋಟಾ ಹಾಕಿ ವೈಕೋ ಅವರನ್ನೇ ಒಳಗೆ ಹಾಕಿತು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ವೆಲ್ಲೂರು ಜೈಲು. ಅದಕ್ಕೂ ಮುಂಚಿನ ಅಂಥದ್ದೇ ಕಾನೂನು ಟಾಡಾ ಬಂದಿದ್ದು ಪಂಜಾಬಿನ ಉಗ್ರರಿಗೆ ಅಂತ. ಅದರಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತವರು ವೀರಪ್ಪನ್‌ಗೆ ನೆರವಾದರು ಅಂತ ಹಿಡಿದು ತಂದ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಬಡವರು. ಅವರಲ್ಲಿ ಬಹುಪಾಲು ಜನರನ್ನು ಕೊನೆಗೆ ಕೋರ್ಟೇ ಬಿಟ್ಟು ಕಳಿಸಿತು.

ಹಾಗಂತ ದಾಳಿ ಆದಮೇಲೆ ಏನೂ ಮಾಡಬಾರದು, ಸರ್ಕಾರವನ್ನು ಬೈಯಲೂಬಾರದು ಅಂತಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬೈ ಉರಿಯುತ್ತಿದ್ದಾಗ ಎನ್‌ಎಸ್‌ಜಿ ಕಮಾಂಡೋಗಳು ದೆಹಲಿ ಕಡೆಯಿಂದ ವಿಮಾನ ಹತ್ತಿ ಬರಬೇಕಾಯಿತು. ಗಂಟೆಗಟ್ಟಲೆ ತಡ. ಆಮೇಲೆ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾದಲ್ಲಿ ಅವರ ನೆಲೆ ಮಾಡಿದರು. ಅದು ಆ ರಾತ್ರಿಯ ತಪ್ಪಿನಿಂದಲೇ ಹುಟ್ಟಿದ ಉತ್ತರ, ಒಪ್ಪೋಣ. ಅದೇ ವಾರ ನವೆಂಬರ್ 28ರಂದು, ತಾಜ್ ಹೋಟೆಲಿನಲ್ಲಿ ಇನ್ನೂ ಗುಂಡು ಹಾರುತ್ತಿರುವಾಗ, ದೆಹಲಿ ಪೇಪರ್‌ಗಳಲ್ಲಿ ರಕ್ತದ ಕಲೆಯ ಚಿತ್ರ ಹಾಕಿ ಬಿಜೆಪಿ ಜಾಹೀರಾತು ಕೊಟ್ಟಿತು. ಮಾರನೇ ದಿನ ಅಲ್ಲಿ ಮತದಾನ. ದೆಹಲಿಯ ಜನ ಮತ್ತೆ ಶೀಲಾ ದೀಕ್ಷಿತ್ ಅವರನ್ನೇ ಗೆಲ್ಲಿಸಿದರು. ಇನ್ನು ಆ ಕಡೆ, 2010ರಲ್ಲಿ, ಅದೇ ದಾಳಿ ಆರೆಸ್ಸೆಸ್ ಪಿತೂರಿ ಅನ್ನೋ ಪುಸ್ತಕದ ಬಿಡುಗಡೆಗೆ ಹೋಗಿ ಕೂತವರು ಕಾಂಗ್ರೆಸ್ಸಿನ ದಿಗ್ವಿಜಯ್ ಸಿಂಗ್. ಕಸಬ್ ಜೀವಂತ ಸಿಕ್ಕಿಬಿದ್ದು, ಕೋರ್ಟಿನಲ್ಲಿ ಶಿಕ್ಷೆಯೂ ಆದಮೇಲೆ!

ಈಗೀಗ ನಾನು ಒಂದು ಸುಲಭದ ಕೆಲಸ ಮಾಡ್ತೀನಿ. ಯಾರಾದರೂ ಟಿವಿಯಲ್ಲಿ ಗಂಟಲು ಹರಿದುಕೊಂಡು ಈ ದಾಳಿಗೆ ಇದೇ ಮದ್ದು ಅಂದರೆ, ಇವರು ಹೋದ ವಾರ ಏನು ಕೇಳುತ್ತಿದ್ದರು ಅಂತ ಹುಡುಕ್ತೀನಿ. ಹತ್ತರಲ್ಲಿ ಒಂಬತ್ತು ಸಲ ಅದೇ ಮದ್ದು ಬೇರೆ ರೋಗಕ್ಕೆ ಮಾರುತ್ತಿದ್ದರು.

ಮೊನ್ನೆ ಒಂದು ಮದುವೆ ಮನೆಯಲ್ಲಿ ಚಿಕ್ಕಪ್ಪ ಪಕ್ಕದ ಎಲೆಗೇ ಕೂತಿದ್ದರು. ಆವತ್ತು ಬ್ಲಾಸ್ಟ್ ಆದಾಗ ಗ್ರೂಪಲ್ಲಿ ಬರೆದಿದ್ರಲ್ಲ ಚಿಕ್ಕಪ್ಪ, ಅಂತ ಮಾತು ತೆಗೆದೆ.

"ಯಾವ್ದು, ಮಂಗಳೂರಿಂದಾ?" ಅಂದರು.

"ಅಲ್ಲ, ಕೆಫೆದು. ತಂಗಿ ಆಫೀಸ್ ಹತ್ರ ಆಯ್ತಲ್ಲ."

"ಓ, ಅವಳ ಆಫೀಸು ಆ ಕಡೆನಾ?" ಅಂದರು ಚಿಕ್ಕಪ್ಪ. ಆಮೇಲೆ ಬಡಿಸೋನನ್ನು ಕೂಗಿ ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿಸಿದರು.