ಹಕ್ಕಿ ಮಲಗಿದೆ, ಸದ್ದು ಮಾಡಬೇಡಿ

ಅಕ್ಕನ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ. ಊರಿಂದ ಯಾರೇ ಹೋಗಲಿ, ಅವರನ್ನು ಒಂದು ದಿನ ರೋಸ್‌ಡೇಲ್ ಕಣಿವೆಗೆ ಕರೆದೊಯ್ಯುತ್ತಾಳೆ. ಮನೆಗೆ ಬಂದ ನೆಂಟರನ್ನು ನಾವು ಜೋಗಕ್ಕೆ ಎಳೆದುಕೊಂಡು ಹೋಗುತ್ತೇವಲ್ಲ, ಹಾಗೆ. ಆಗಸ್ಟ್ ಕೊನೆಯ ಒಂದು ಭಾನುವಾರ ನನ್ನ ಸರದಿ ಬಂತು. ಕಾರಿನಲ್ಲಿ ನಾವಿಬ್ಬರು, ಹಿಂದಿನ ಸೀಟಿನಲ್ಲಿ ಅವಳ ನಾಯಿ ರಾಗಿ. ಬಣ್ಣ ನೋಡಿ ಇಟ್ಟ ಹೆಸರು.

ನಾರ್ತ್ ಯಾರ್ಕ್ ಮೂರ್ಸ್ ಎಂಬ ರಾಷ್ಟ್ರೀಯ ಉದ್ಯಾನದೊಳಗೆ ಈ ಕಣಿವೆ ಇದೆ. ಮೂರ್ ಅಂದರೆ ಮರವೇ ಇಲ್ಲದ, ಕಪ್ಪು ಮಣ್ಣಿನ, ಗಾಳಿ ಹೊಡೆಯುವ ಬೋಳು ಗುಡ್ಡ. ಅದರ ತುಂಬ ಮೊಣಕಾಲೆತ್ತರದ ಒಂದು ಪೊದೆ. ಹೆಸರು ಹೆದರ್. ಹೆದರಬೇಡಿ, ಆಗಸ್ಟಿನಲ್ಲಿ ಅದು ಹೂ ಬಿಟ್ಟರೆ ಗುಡ್ಡಕ್ಕೆ ಗುಡ್ಡವೇ ನೇರಳೆ ಬಣ್ಣ. ನಡುವೆ ಬಟ್ಟಲಿನ ಹಾಗೆ ಹಸಿರು ಕಣಿವೆ, ಕಲ್ಲಿನ ಗೋಡೆ, ಕುರಿ, ನಾಲ್ಕು ಮನೆ. ಚಿಮ್ನಿ ಬ್ಯಾಂಕ್ ಎಂಬ ರಸ್ತೆಯಲ್ಲಿ ಕೆಳಗಿಳಿಯಬೇಕು. ಮೂರಡಿ ಮುಂದೆ ಹೋದರೆ ಒಂದಡಿ ಕೆಳಗೆ, ಅಷ್ಟು ಇಳಿಜಾರು. ನಾನು ಎಂದೋ ಬಿಟ್ಟಿದ್ದ ವಿಷ್ಣು ಸಹಸ್ರನಾಮ ತಾನಾಗೇ ಬಾಯಿಗೆ ಬಂತು.

ಕೆಳಗಿನ ಹಳ್ಳಿಯ ಹೆಸರು ರೋಸ್‌ಡೇಲ್ ಆ್ಯಬಿ. ಆ್ಯಬಿ ಅಂದರೆ ದೊಡ್ಡ ಮಠ. ಅಲ್ಲಿ ಆ್ಯಬಿ ಇಲ್ಲ, ಯಾವತ್ತೂ ಇರಲಿಲ್ಲ. ಸನ್ಯಾಸಿನಿಯರ ಒಂದು ಸಣ್ಣ ಮಠ ಇತ್ತಂತೆ, ಈಗ ಅದರದ್ದೂ ಮೆಟ್ಟಿಲಿನ ಒಂದು ಮೋಟು ಗೋಪುರ ಉಳಿದಿದೆ. ಚಿಮ್ನಿ ಬ್ಯಾಂಕಿನ ಮೇಲೆ ಚಿಮಣಿಯೂ ಇಲ್ಲ, ಕೆಡವಿ ಐವತ್ತು ವರ್ಷದ ಮೇಲಾಯಿತು. ಕೆರೆಯೇ ಇಲ್ಲದ ‘ಕೆರೆ’ ಬಡಾವಣೆಗಳನ್ನು ನೋಡಿ ಬೆಳೆದವನಿಗೆ ಇದೇನೂ ಹೊಸದಲ್ಲ.

"ಎಷ್ಟು ಶಾಂತ ಅಲ್ವಾ ಮಾಮ? ಮನುಷ್ಯನ ಕೈ ಸೋಕದ ಜಾಗ," ಅಂದಳು.

ಮನುಷ್ಯನ ಕೈ ಸೋಕಿದ್ದಷ್ಟೇ ಅಲ್ಲ, ಚೆನ್ನಾಗಿ ಬಾರಿಸಿದೆ. 1850ರ ದಶಕದಲ್ಲಿ ಇಲ್ಲಿ ಕಬ್ಬಿಣದ ಅದಿರು ಸಿಕ್ಕಿತು. ಐದಾರು ನೂರು ಜನರಿದ್ದ ಕಣಿವೆ ಇಪ್ಪತ್ತು ವರ್ಷದಲ್ಲಿ ಮೂರು ಸಾವಿರದ ಹತ್ತಿರ ಮುಟ್ಟಿತು. ಗುಡ್ಡದ ಮೇಲೆ ರೈಲು ಬಂತು, ಅದಿರು ಹುರಿಯುವ ಕುಲುಮೆಗಳು ಬಂದವು. 1926ಕ್ಕೆ ಗಣಿ ಮುಚ್ಚಿತು, 1929ಕ್ಕೆ ರೈಲೂ ನಿಂತಿತು. ಆಮೇಲೆ ಎಲ್ಲರೂ ಶಾಂತಿ ಹುಡುಕಿಕೊಂಡು ಬಂದರು. ನನಗೆ ನಮ್ಮ ಕುದುರೆಮುಖ ನೆನಪಾಯಿತು. ಅಲ್ಲೂ ಹುಲ್ಲಿನ ಗುಡ್ಡ, ಅಲ್ಲೂ ಅದಿರು, 2005ರ ಕೊನೆಗೆ ಅಲ್ಲೂ ಗಣಿ ಬಂದ್. ಇನ್ನೊಂದು ಐವತ್ತು ವರ್ಷ ಬಿಟ್ಟು ಬಂದವರು ಅಲ್ಲೂ "ಮನುಷ್ಯನ ಕೈ ಸೋಕಿಲ್ಲ" ಅನ್ನುತ್ತಾರೆ, ನೋಡುತ್ತಿರಿ.

ಹಳೆಯ ರೈಲು ದಾರಿ ಬಿಟ್ಟು ಮೂರ್ ಕಡೆ ತಿರುಗಿದೆವು. ಅಲ್ಲೊಂದು ಬೋರ್ಡು. ಮನುಷ್ಯರು ಕಾಲುದಾರಿ ಬಿಟ್ಟು ಎಲ್ಲಿ ಬೇಕಾದರೂ ಓಡಾಡಬಹುದು. ನಾಯಿ ಕಾಲುದಾರಿ ಬಿಟ್ಟು ಇಳಿಯುವಂತಿಲ್ಲ. ಯಾಕೆಂದರೆ ಹಕ್ಕಿಗಳಿಗೆ ತೊಂದರೆ ಆಗುತ್ತದೆ.

ನನಗೆ ಕಣ್ಣು ತುಂಬಿ ಬಂತು. ಹಕ್ಕಿಯ ಬಗ್ಗೆ ಎಂಥಾ ಕಾಳಜಿ! ನಮ್ಮಲ್ಲಿ ಪಕ್ಷಿಧಾಮದ ಗೇಟಲ್ಲೇ ಡಿಜೆ ಹಾಕುತ್ತಾರೆ. "ಯಾವ ಹಕ್ಕಿಯಮ್ಮಾ, ಅಷ್ಟು ಅಪರೂಪದ್ದಾ?" ಅಂತ ಕೇಳಿದೆ.

"ಗ್ರೌಸ್ ಮಾಮ. ಅಪರೂಪ ಏನಿಲ್ಲ. ಗುಂಡು ಹೊಡೆಯೋಕೆ ಇಟ್ಟಿರೋದು."

ಒಂದು ನಿಮಿಷ ನಾನೂ ರಾಗಿಯೂ ಮುಖ ಮುಖ ನೋಡಿಕೊಂಡೆವು.

ಲೆಕ್ಕ ಹೀಗಿದೆ. ಗ್ರೌಸ್ ಅನ್ನುವುದು ಕೋಳಿ ಜಾತಿಯ ಕಂದು ಹಕ್ಕಿ. ಕೋಳಿಯ ಹಾಗೆ ಗೂಡಲ್ಲಿಟ್ಟು ಸಾಕಿ ಗುಡ್ಡಕ್ಕೆ ಬಿಡುವ ಪದ್ಧತಿ ಇಲ್ಲ, ಗುಡ್ಡದಲ್ಲೇ ಹುಟ್ಟಿ ಬೆಳೆಯಬೇಕು. ಆದ್ದರಿಂದ ಗುಡ್ಡವನ್ನೇ ಗೂಡು ಮಾಡಿದ್ದಾರೆ. ಅದಕ್ಕೆ ಎಳೆ ಹೆದರ್ ಚಿಗುರು ಇಷ್ಟ. ಹಳೆ ಪೊದೆ ಸುಟ್ಟರೆ ತಾನೇ ಚಿಗುರು ಬರೋದು? ಹಾಗಾಗಿ ಚಳಿಗಾಲದಲ್ಲಿ ಗುಡ್ಡವನ್ನು ತೇಪೆ ತೇಪೆಯಾಗಿ ಸುಡುತ್ತಾರೆ. ಹೊಟ್ಟೆಯಲ್ಲಿ ಹುಳ ಆಗದಿರಲಿ ಅಂತ ಔಷಧಿ ಸವರಿದ ಮರಳನ್ನು ಅಲ್ಲಲ್ಲಿ ಇಟ್ಟಿರುತ್ತಾರೆ, ಹಕ್ಕಿ ಬಂದು ನುಂಗಿ ಹೋಗುತ್ತದೆ. ನರಿ ಬಂದರೆ ಕಾವಲುಗಾರ ಇದ್ದಾನೆ. ಊಟ, ಔಷಧಿ, ಸೆಕ್ಯೂರಿಟಿ ಎಲ್ಲ ಉಚಿತ. ನಮ್ಮ ಕಡೆ ಹರಕೆ ಕುರಿಗೂ ಈ ಪರಿ ಉಪಚಾರ ಇಲ್ಲ.

ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕಾದ ಹಕ್ಕಿಗೆ ಆಗಸ್ಟ್ 12ರಂದು ಮುಹೂರ್ತ. ಅಲ್ಲಿಂದ ಡಿಸೆಂಬರ್ 10ರವರೆಗೆ ಹೊಡೆಯಬಹುದು. ಒಂದು ಕಡೆಯಿಂದ ಜನ ಸಾಲಾಗಿ ಬಾವುಟ ಬೀಸುತ್ತಾ ಹಕ್ಕಿಗಳನ್ನು ಎಬ್ಬಿಸುತ್ತಾರೆ. ಇನ್ನೊಂದು ಕಡೆ ಎದೆಮಟ್ಟದ ಕಲ್ಲಿನ ಗೂಡುಗಳಲ್ಲಿ ಕೋವಿ ಹಿಡಿದವರು. ದಿನಕ್ಕೆ ಸಾವಿರಾರು ಪೌಂಡ್ ಕೊಟ್ಟು ಬಂದವರು ಅವರು. ಬಿದ್ದ ಹಕ್ಕಿಗಳನ್ನು ಹೆಕ್ಕಿ ತರುವವರು ಯಾರು ಗೊತ್ತಾ? ನಾಯಿಗಳು! ಹಗ್ಗ ಇಲ್ಲ, ಸರಪಳಿ ಇಲ್ಲ, ದಾರಿ ಬಿಟ್ಟು ಪೊದೆಯೊಳಗೆ ನುಗ್ಗಿ ತರಬೇಕು. ಅಂದರೆ ಬದುಕಿರುವ ಹಕ್ಕಿಯನ್ನು ದೂರದಿಂದ ನೋಡುವ ನಾಯಿಯಿಂದ ತೊಂದರೆ, ಸತ್ತ ಹಕ್ಕಿಯನ್ನು ಬಾಯಲ್ಲಿ ಕಚ್ಚಿ ತರುವ ನಾಯಿಯಿಂದ ಉಪಕಾರ. ರಾಗಿಗೆ ಇದನ್ನು ವಿವರಿಸಿ ಹೇಳಿದೆ. ಅದು ಬೋರ್ಡಿನ ಕಂಬಕ್ಕೆ ತನ್ನ ಅಭಿಪ್ರಾಯ ತಿಳಿಸಿತು.

ಇದೆಲ್ಲ ಕಾನೂನಿನಲ್ಲೇ ಇದೆ. ಗ್ರೌಸ್ ಗುಡ್ಡದ ಒಡೆಯರು ಒಂದೇ ಸಲಕ್ಕೆ ಐದು ವರ್ಷದವರೆಗೆ ನಾಯಿಗಳನ್ನು ದೂರ ಇಡಬಹುದು ಅಂತ 2000ದ ಕಾಯ್ದೆ ಹೇಳುತ್ತದೆ. ಜನರಿಗೆ ಗುಡ್ಡದಲ್ಲಿ ತಿರುಗಾಡುವ ಹಕ್ಕು ಕೊಟ್ಟಿದ್ದೂ ಅದೇ ಕಾಯ್ದೆ. ಇಂಗ್ಲೆಂಡಿನ ನೆಲದಲ್ಲಿ ಆ ಹಕ್ಕು ಸಿಕ್ಕಿದ್ದು ನೂರಕ್ಕೆ ಸುಮಾರು 8 ಭಾಗದಲ್ಲಿ. ಅದರಲ್ಲೂ ಕೆಲವು ತುಂಡು ನೆಲ ಹೇಗಿವೆ ಅಂದರೆ, ಸುತ್ತ ಖಾಸಗಿ ಜಮೀನು, ನಡುವೆ ನಿಮ್ಮ ಹಕ್ಕು. ಅಲ್ಲಿ ಓಡಾಡಬಹುದು, ಆದರೆ ಅಲ್ಲಿಗೆ ಹೋಗುವಂತಿಲ್ಲ. ಹೆಲಿಕಾಪ್ಟರ್ ಇದ್ದವರು ವಿಚಾರಿಸಿ.

ಈ 8 ಭಾಗವೂ ಸುಮ್ನೆ ಸಿಕ್ಕಿದ್ದಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಗಿರಣಿ, ಕಾರ್ಖಾನೆಗಳ ಹುಡುಗರು ನೂರಾರು ಜನ ಕಿಂಡರ್ ಸ್ಕೌಟ್ ಎಂಬ ಗುಡ್ಡ ಹತ್ತಿದರು. ಅದೂ ಗ್ರೌಸ್ ಗುಡ್ಡವೇ. ಕಾವಲುಗಾರರ ಜೊತೆ ತಳ್ಳಾಟ ಆಯಿತು. ಐದು ಜನಕ್ಕೆ ಎರಡರಿಂದ ಆರು ತಿಂಗಳು ಜೈಲು. ಅತಿಕ್ರಮ ಪ್ರವೇಶಕ್ಕಲ್ಲ, ಗಲಾಟೆ ಮಾಡಿದ್ದಕ್ಕೆ. ಯಾಕೆಂದರೆ ಸುಮ್ಮನೆ ಇನ್ನೊಬ್ಬರ ಜಮೀನು ತುಳಿಯುವುದು ಅಲ್ಲಿ ಆಗ ಜೈಲಿಗೆ ಕಳಿಸುವ ಅಪರಾಧವೇ ಆಗಿರಲಿಲ್ಲ! "ಒಳಗೆ ಬಂದರೆ ಶಿಕ್ಷೆ" ಅಂತ ಊರೆಲ್ಲ ನೆಟ್ಟಿದ್ದ ಬೋರ್ಡುಗಳು ಮರದಲ್ಲಿ ಕೆತ್ತಿದ ಸುಳ್ಳುಗಳು. ಎಪ್ಪತ್ತು ವರ್ಷ ಬಿಟ್ಟು, 2002ರಲ್ಲಿ, ಆ ಗುಡ್ಡದ ಅಂದಿನ ಒಡೆಯ ಡೆವನ್‌ಶೈರ್ ಡ್ಯೂಕ್‌ನ ಮೊಮ್ಮಗ ಅಜ್ಜನ ಪರವಾಗಿ ಕ್ಷಮೆ ಕೇಳಿದರು. ದೊಡ್ಡಮನೆಯವರು, ಸ್ವಲ್ಪ ನಿಧಾನ.

ಗ್ರೌಸಿಗೆ ಇನ್ನೊಂದು ಸವಲತ್ತಿದೆ. ಭಾನುವಾರ ರಜೆ. 1831ರ ಬೇಟೆ ಕಾಯ್ದೆಯ ಪ್ರಕಾರ ಭಾನುವಾರ ಮತ್ತು ಕ್ರಿಸ್‌ಮಸ್ ದಿನ ಅದನ್ನು ಹೊಡೆಯುವ ಹಾಗಿಲ್ಲ. ನನ್ನ ಅಕ್ಕನ ಮಗಳು ಆ ಬೆಳಗ್ಗೆ ಕಾರಲ್ಲೇ ಎರಡು ಆಫೀಸ್ ಕಾಲ್ ಮುಗಿಸಿದ್ದಳು.

ಗಿಡುಗಕ್ಕೆ ಮಾತ್ರ ರಜೆ ಇದ್ದಂತಿಲ್ಲ. ಹೆನ್ ಹ್ಯಾರಿಯರ್ ಅಂತ ಒಂದು ಗಿಡುಗ, ಗ್ರೌಸ್ ಮರಿ ತಿನ್ನುತ್ತದೆ. ಅದನ್ನು ಕೊಲ್ಲುವುದು ಅಪರಾಧ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎಲ್ಲಿದೆ ಅಂತ ಉಪಗ್ರಹದ ಮೂಲಕ ತಿಳಿಸುವ ಟ್ಯಾಗನ್ನು ಬೆನ್ನಿಗೆ ಕಟ್ಟಿ ಬಿಟ್ಟ 58 ಹಕ್ಕಿಗಳಲ್ಲಿ ನೂರಕ್ಕೆ 72 ಭಾಗ ಅಕ್ರಮವಾಗಿ ಸತ್ತಿವೆ, ಇಲ್ಲವೇ ಹಾಗೆ ಸತ್ತಿರುವ ಸಾಧ್ಯತೆಯೇ ಜಾಸ್ತಿ ಅಂತ ಲೆಕ್ಕ ಸಿಕ್ಕಿತು. ಟ್ಯಾಗ್ ಗ್ರೌಸ್ ಗುಡ್ಡದ ಹತ್ತಿರ ಬಂದು ಸುಮ್ಮನಾಗುತ್ತದಂತೆ. ಅಲ್ಲಿ ನೆಟ್‌ವರ್ಕ್ ವೀಕ್ ಇರಬೇಕು.

ನಾವು ಕಾಲುದಾರಿಯಲ್ಲೇ ನಡೆದೆವು. ಪೊದೆಯಿಂದ ಒಂದು ಗ್ರೌಸ್ ಎದ್ದು ಕಲ್ಲಿನ ಗೋಡೆ ಮೇಲೆ ಕೂತಿತು. ಭಾನುವಾರದ ಧೈರ್ಯ. ನಮ್ಮನ್ನು ನೋಡಿ ಕೂಗಿತು: "ಗೋ ಬ್ಯಾಕ್, ಗೋ ಬ್ಯಾಕ್, ಗೋ ಬ್ಯಾಕ್." ನಿಜ, ಅದರ ಕೂಗೇ ಹಾಗೆ. ಅಲ್ಲಿನ ಹಕ್ಕಿ ಪುಸ್ತಕಗಳಲ್ಲೂ ಹಾಗೇ ಬರೆಯುತ್ತಾರೆ. ನಮ್ಮವರು 1928ರಲ್ಲಿ ಸೈಮನ್ ಸಾಹೇಬರಿಗೆ ಕಪ್ಪು ಬಾವುಟ ತೋರಿಸಿ ಕೂಗಿದ್ದು ಇದನ್ನೇ. ಅವರಿಗೆ ಆಗ ಕೇಳಿಸದೇ ಇದ್ದದ್ದು ಯಾಕೆ ಅಂತ ಈಗ ಅರ್ಥವಾಯಿತು. ಹುಟ್ಟಿದಾಗಿನಿಂದ ಹಕ್ಕಿ ಕೂಗಿ ಕೂಗಿ ಅಭ್ಯಾಸ ಆಗಿದೆ.

ಹೊಟ್ಟೆ ಹಸಿದಿತ್ತು. ಅಲ್ಲೇ ಒಂದು ಹೋಟೆಲಿಗೆ ಹೋದೆವು. ಬಾಗಿಲಲ್ಲಿ ಬೋರ್ಡು: ನಾಯಿಗಳಿಗೆ ಸ್ವಾಗತ. ರಾಗಿಗೆ ಒಂದು ಬಟ್ಟಲು ನೀರು, ಒಂದು ಬಿಸ್ಕತ್ತು ಬಂತು. ನನಗೆ ಚಿಪ್ಸು. ಮೆನುವಿನಲ್ಲಿ ಹುರಿದ ಗ್ರೌಸ್ ಇತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ "ಸೀಸದ ಗುಂಡು ಸಿಕ್ಕೀತು, ಹಲ್ಲು ಜೋಪಾನ" ಎಂಬ ಸೂಚನೆ. ಪಕ್ಕದ ಟೇಬಲ್ಲಿನವರು ಅದನ್ನೇ ತರಿಸಿಕೊಂಡಿದ್ದರು. ರಾಗಿ ಮೂಗೆತ್ತಿ ವಾಸನೆ ಹಿಡಿಯುತ್ತಾ ಹತ್ತಿರ ಹತ್ತಿರ ಸರಿಯಿತು. ಅವರು ನಕ್ಕು, ಒಂದು ಚೂರು ಹರಿದು, ಅದರ ಮುಂದೆ ಹಿಡಿದರು.

ಯಾರೂ ತಡೆಯಲಿಲ್ಲ.